ಅಂಚೆಡಬ್ಬಿಯ ಮೇಲೆ ಎರಡು ಹೆಸರು

ತವರಿಗೆ ಬಂದಾಗಲೆಲ್ಲ ಶಿರಸಿಯ ನೆಂಟರಿಷ್ಟರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಅಲ್ಲಿ ಚಳಿ ಎಷ್ಟು, ಅಕ್ಕಿ-ಬೇಳೆ ಸಿಗುತ್ತದೆಯೇ, ಮನೆಯವರಿಗೆ ಸಂಬಳ ಎಷ್ಟು, ವಾಪಸು ಬರುವುದು ಯಾವಾಗ. ಇವಕ್ಕೆಲ್ಲ ಉತ್ತರ ಹೇಳಿ ಮುಗಿಸಲು ಒಂದು ಲೋಟ ಕಷಾಯ ಕುಡಿಯುವಷ್ಟು ಹೊತ್ತು ಸಾಕು. ಆದರೆ ಗಂಡನ ನೌಕರಿಯ ಹಿಂದೆ ಮಗುವನ್ನು ಎತ್ತಿಕೊಂಡು ಹೊರಟು ನಿಂತ ಹೆಣ್ಣುಮಕ್ಕಳು ಕೇಳುವುದೇ ಬೇರೆ. ಬೆಳಗಾದ ಮೇಲೆ ದಿನ ಹೇಗೆ ಸಾಗುತ್ತದೆ, ಯಾವುದಕ್ಕೆ ಯಾರನ್ನು ಕೇಳಬೇಕು, ಮಗುವನ್ನು ಎಲ್ಲಿ ಬಿಡುವುದು ಎಂದು ಅವರು ಕೇಳುತ್ತಾರೆ. ಈ ಬರಹ ಅವರಿಗಾಗಿ. ನಾವಿರುವುದು ಜರ್ಮನಿಯ ನೈಋತ್ಯದಲ್ಲಿ, ಸ್ಟುಟ್‌ಗಾರ್ಟ್ ನಗರದಿಂದ ಲೋಕಲ್ ರೈಲಿನಲ್ಲಿ ತಲುಪಬಹುದಾದ ಒಂದು ಸಣ್ಣ ಪಟ್ಟಣದಲ್ಲಿ. ಮನೆಯವರು ಸಾಫ್ಟ್‌ವೇರ್ ಕೆಲಸಕ್ಕೆಂದು, ಪರಿಣತ ವಿದೇಶಿ ನೌಕರರಿಗೆ ಕೊಡುವ ಬ್ಲೂ ಕಾರ್ಡ್ ಎಂಬ ವಾಸದ ಪರವಾನಗಿ ಪಡೆದು ಮೊದಲೇ ಹೋಗಿದ್ದರು. ಶಿರಸಿಯ ಕಾಲೇಜೊಂದರಲ್ಲಿ ವಾಣಿಜ್ಯ ವಿಷಯದ ಅತಿಥಿ ಉಪನ್ಯಾಸಕಿಯಾಗಿದ್ದ ನಾನು ಮೂರು ವರ್ಷದ ಮಗಳೊಂದಿಗೆ ಆಮೇಲೆ ಸೇರಿಕೊಂಡೆ. ಬ್ಲೂ ಕಾರ್ಡ್ ಇದ್ದವರ ಪತಿ ಅಥವಾ ಪತ್ನಿಗೆ ವೀಸಾ ಪಡೆಯಲು ಜರ್ಮನ್ ಭಾಷೆಯ ಪ್ರಮಾಣಪತ್ರ ಬೇಕಿಲ್ಲವೆಂಬ ವಿನಾಯಿತಿ ಇರುವುದರಿಂದ, ಒಂದಕ್ಷರ ಬಾರದೆಯೂ ಹೋಗಿ ಇಳಿಯುವುದು ಸಾಧ್ಯವಾಯಿತು. ಆ ವಿನಾಯಿತಿಯಿಂದ ನನಗೆ ಉಪಕಾರವಾಯಿತೋ ಅಪಕಾರವಾಯಿತೋ ಎಂದು ಈಗಲೂ ಹೇಳಲಾರೆ.

ಹೊಸ ದೇಶದ ಕೆಲಸ ಶುರುವಾಗುವುದು ಶಿರಸಿಯಲ್ಲೇ. ನೂರಾರು ಜನ ಉಂಡು ಹರಸಿ ಹೋದ ಮದುವೆಗೆ ಕಾಗದದ ಸಾಕ್ಷಿ ಏಕೆ ಎಂಬ ಭಾವನೆ ನಮ್ಮ ಕಡೆಯ ಹಿರಿಯರಲ್ಲಿ ಇನ್ನೂ ಇದೆ. ವೀಸಾ ಅರ್ಜಿಯ ಹೊತ್ತಿಗೆ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಿ ಮದುವೆಯನ್ನು ನೋಂದಾಯಿಸಿ, ಮಗಳ ಜನನ ಪ್ರಮಾಣಪತ್ರದ ಹೊಸ ಪ್ರತಿ ಪಡೆದು, ಎಲ್ಲವನ್ನೂ ಜರ್ಮನ್ ಭಾಷೆಗೆ ಅನುವಾದ ಮಾಡಿಸಬೇಕಾಯಿತು. ಅಲ್ಲಿ ಎದ್ದದ್ದು ಹೆಸರಿನ ಪ್ರಶ್ನೆ. ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಆಡಳಿತಕ್ಕೆ ಸೇರಿದ್ದು, ಮೈಸೂರು ರಾಜ್ಯದ ಭಾಗವಾದದ್ದು 1956ರಲ್ಲಿ. ಸ್ವಂತ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಎಂದು ಬರೆಯುವ ಆ ಕಡೆಯ ರೂಢಿ ನಮ್ಮಲ್ಲಿ ಇಂದಿಗೂ ನಿಂತಿದೆ. ಪಾಸ್‌ಪೋರ್ಟಿನಲ್ಲಿ ಮೊದಲ ಎರಡೂ ಒಂದೇ ಅಂಕಣದಲ್ಲಿ ಕೂರುವುದರಿಂದ, ಜರ್ಮನಿಯ ಪ್ರತಿಯೊಂದು ಕಾಗದದಲ್ಲೂ ನನ್ನ ಅಪ್ಪಯ್ಯನ ಹೆಸರು ನನ್ನ ಎರಡನೆಯ ಹೆಸರೇ ಆಗಿ ಕುಳಿತಿದೆ. ಮದುವೆಯಾದ ಮೇಲೆ ನಾನು ಅಡ್ಡಹೆಸರು ಬದಲಿಸಲಿಲ್ಲ. ನಾನು ಭಟ್, ಮನೆಯವರು ಮತ್ತು ಮಗಳು ಹೆಗಡೆ. ಊರಿನಲ್ಲಿ ಇದನ್ನು ಆಗಾಗ ಕೆದಕಿ ಕೇಳುವವರಿದ್ದರು, ಜರ್ಮನಿಯಲ್ಲಿ ಒಬ್ಬರೂ ಕೇಳಲಿಲ್ಲ. ಅವರಿಗೆ ಬೇಕಾದದ್ದು ಎರಡೂ ಹೆಸರು ಅಂಚೆಡಬ್ಬಿಯ ಮೇಲೆ ಇರಬೇಕೆಂಬುದು ಮಾತ್ರ.

ಈ ಅಂಚೆಡಬ್ಬಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಲ್ಲಿನ ಬಹುಮಹಡಿ ಮನೆಗಳಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ಸಂಖ್ಯೆ ಎಂಬುದಿಲ್ಲ. ವಿಳಾಸದಲ್ಲಿ ಇರುವುದು ರಸ್ತೆ, ಕಟ್ಟಡದ ಸಂಖ್ಯೆ ಮತ್ತು ವಾಸಿಸುವವರ ಅಡ್ಡಹೆಸರು. ಅಂಚೆಯವರು ಡಬ್ಬಿಯ ಮೇಲಿನ ಹೆಸರನ್ನು ನೋಡಿ ಪತ್ರ ಹಾಕುತ್ತಾರೆ, ಹೆಸರು ಇಲ್ಲದಿದ್ದರೆ ಪತ್ರ ಕಳಿಸಿದವರಿಗೇ ಮರಳಿ ಹೋಗುತ್ತದೆ. ಕೆಳಗಿನ ಮಹಡಿಯಲ್ಲಿರುವ ಮನೆಯೊಡತಿ, ವಯಸ್ಸಾದ ಹೆಂಗಸು, ನಾನು ಬಂದ ದಿನವೇ ಒಂದು ಸಣ್ಣ ಪಟ್ಟಿಯಲ್ಲಿ ಎರಡೂ ಅಡ್ಡಹೆಸರುಗಳನ್ನು ಮುದ್ರಿಸಿ ತಂದು ಡಬ್ಬಿಗೂ ಕರೆಗಂಟೆಗೂ ಅಂಟಿಸಿದರು. ಹೆಗಡೆ, ಭಟ್ ಎಂದಷ್ಟೇ ಬರೆದು ಶಿರಸಿಯಲ್ಲಿ ಪತ್ರ ಹಾಕಿದರೆ ಅದು ಅರ್ಧ ತಾಲೂಕಿಗೆ ಸಲ್ಲಬಹುದು. ಆ ಬೀದಿಯಲ್ಲಿ ಅದು ನಮ್ಮನ್ನು ಬಿಟ್ಟು ಬೇರೆ ಯಾರಿಗೂ ಸಲ್ಲುವಂತಿರಲಿಲ್ಲ. ನಮ್ಮ ಹಳ್ಳಿಯಲ್ಲಿ ಟಪಾಲು ಅಂಗಡಿಯಲ್ಲಿ ಉಳಿದು, ಆ ದಾರಿಯಲ್ಲಿ ಹೋಗುವ ಯಾರದೋ ಕೈಯಲ್ಲಿ ಮನೆ ಸೇರುತ್ತದೆ, ಒಳಗೇನಿದೆ ಎಂಬ ಊಹೆಯೂ ಜೊತೆಗೇ ಬರುತ್ತದೆ. ಅಲ್ಲಿ ಬೀಗದ ಡಬ್ಬಿಯನ್ನು ನಾವೇ ತೆರೆಯಬೇಕು, ಬಂದ ಪತ್ರಕ್ಕೆ ನಾವೇ ಉತ್ತರ ಕೊಡಬೇಕು.

ಪತ್ರಗಳ ಮೂಲ ಇರುವುದು ವಾಸಸ್ಥಳದ ನೋಂದಣಿಯಲ್ಲಿ. ಮನೆಗೆ ಬಂದು ಎರಡು ವಾರದೊಳಗೆ ಪೌರ ಕಚೇರಿಗೆ ಹೋಗಿ ಇಂಥ ವಿಳಾಸದಲ್ಲಿ ವಾಸವಿದ್ದೇವೆ ಎಂದು ಬರೆಸಬೇಕು, ಅದಕ್ಕೆ ಮನೆಯ ಮಾಲೀಕರು ಸಹಿ ಮಾಡಿದ ದೃಢೀಕರಣ ಬೇಕು. ಈ ಒಂದು ಕಾಗದ ಇಲ್ಲದೆ ಮುಂದಿನ ಕೆಲಸಗಳು ಅಲುಗಾಡುವುದಿಲ್ಲ. ನೋಂದಣಿಯ ಮೇಜಿನಲ್ಲಿ ಧರ್ಮ ಯಾವುದು ಎಂದು ಕೇಳಿದಾಗ ನಾನು ಬೆಚ್ಚಿದ್ದು ನಿಜ. ಅದರ ಕಾರಣ ತೆರಿಗೆ: ನಿರ್ದಿಷ್ಟ ಚರ್ಚುಗಳ ಸದಸ್ಯರಿಂದ ಆದಾಯ ತೆರಿಗೆಯ ಮೇಲೆ ಚರ್ಚ್ ತೆರಿಗೆ ಕಡಿತವಾಗುತ್ತದೆ, ನಾವಿರುವ ಬಾಡೆನ್-ವುರ್ಟೆಂಬೆರ್ಗ್ ರಾಜ್ಯದಲ್ಲಿ ಅದು 8 ಶೇಕಡಾ. ನಮಗೆ ಅದು ಅನ್ವಯಿಸುವುದಿಲ್ಲ. ನೋಂದಣಿಯಾದ ಮೇಲೆ ಹನ್ನೊಂದು ಅಂಕಿಗಳ ತೆರಿಗೆ ಗುರುತಿನ ಸಂಖ್ಯೆ ತಾನಾಗಿಯೇ ಅಂಚೆಯಲ್ಲಿ ಬರುತ್ತದೆ. ಅದರ ಹಿಂದೆಯೇ ರೇಡಿಯೋ ಮತ್ತು ಟಿವಿ ಶುಲ್ಕದ ಪತ್ರ ಬರುತ್ತದೆ; ಮನೆಯಲ್ಲಿ ಟಿವಿ ಇದ್ದರೂ ಇಲ್ಲದಿದ್ದರೂ ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ ಕೊಡಲೇಬೇಕು. ಆರೋಗ್ಯ ವಿಮೆಯ ಕಾರ್ಡು ಬರುತ್ತದೆ. ಸಾರ್ವಜನಿಕ ವಿಮೆಯಲ್ಲಿ ಆದಾಯವಿಲ್ಲದ ಹೆಂಡತಿಗೂ ಮಕ್ಕಳಿಗೂ ಪ್ರತ್ಯೇಕ ಕಂತು ಇಲ್ಲ ಎಂಬುದು ನಮ್ಮಂಥ ಸಂಸಾರಗಳಿಗೆ ದೊಡ್ಡ ಆಸರೆ.

ಬಾಡಿಗೆ ಮನೆಯಲ್ಲಿ ಅಡುಗೆಮನೆ ಎಂಬ ಕೋಣೆ ಇರುತ್ತದೆಯೇ ಹೊರತು ಒಲೆ, ಕಪಾಟು, ಕೆಲವೊಮ್ಮೆ ಪಾತ್ರೆ ತೊಳೆಯುವ ಸಿಂಕು ಕೂಡ ಇರುವುದಿಲ್ಲ. ಹಿಂದಿನ ಬಾಡಿಗೆದಾರರು ತಮ್ಮದನ್ನು ಬಿಚ್ಚಿಕೊಂಡು ಹೋಗಬಹುದು ಅಥವಾ ಹೊಸಬರಿಗೆ ಮಾರಬಹುದು. ನಮ್ಮ ಮನೆಯವರು ಹಣ ಕೊಟ್ಟು ಅದನ್ನೇ ಉಳಿಸಿಕೊಂಡಿದ್ದರು. ಮುಂಗಡ ಠೇವಣಿ ಮೂಲ ಬಾಡಿಗೆಯ ಮೂರು ತಿಂಗಳಿಗಿಂತ ಹೆಚ್ಚಿರಬಾರದೆಂದೂ ಅದನ್ನು ಮೂರು ಕಂತಿನಲ್ಲಿ ಕೊಡಬಹುದೆಂದೂ ಕಾನೂನಿದೆ, ಕೈಯಲ್ಲಿ ಹಣ ಕಡಿಮೆಯಿರುವ ಮೊದಲ ತಿಂಗಳಲ್ಲಿ ಇದು ನೆನಪಿರಲಿ. ಮಲಗುವ ಕೋಣೆಗಳಲ್ಲಿ ಮತ್ತು ಅವುಗಳಿಂದ ಹೊರಬರುವ ಓಣಿಯಲ್ಲಿ ಹೊಗೆ ಸೂಚಕ ಯಂತ್ರ ಕಡ್ಡಾಯ. ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆಯನ್ನು ಅಡುಗೆಮನೆಯ ಬಾಗಿಲು ತೆರೆದಿಟ್ಟು ಹಾಕಿದರೆ ಅದು ಕಟ್ಟಡಕ್ಕೆಲ್ಲ ಕೇಳುವಂತೆ ಕೂಗುತ್ತದೆ. ಆ ಕೂಗಿಗೆ ಮೇಲಿನ ಮನೆಯವರು ಓಡಿ ಬಂದದ್ದೇ ನಮ್ಮ ಮೊದಲ ಪರಿಚಯವಾಯಿತು, ಅವರಿಗೆ ತಂಬುಳಿಯ ರುಚಿಯೂ ಸಿಕ್ಕಿತು.

ನನಗೆ ನಿಜವಾಗಿ ಹೊಸ ಪಾಠವಾದದ್ದು ಗಾಳಿಯ ವಿಷಯ. ಮಲೆನಾಡಿನವಳಾದ ನನಗೆ ಬೂಷ್ಟು ಅಪರಿಚಿತವೇನಲ್ಲ. ಆಷಾಢದಲ್ಲಿ ಚರ್ಮದ ಚಪ್ಪಲಿ, ಪೆಟ್ಟಿಗೆಯ ಸೀರೆ, ಪುಸ್ತಕದ ರಟ್ಟು ಎಲ್ಲಕ್ಕೂ ಅದು ಹತ್ತುತ್ತದೆ. ಬಟ್ಟೆಯನ್ನು ಬಚ್ಚಲ ಒಲೆಯ ಮೇಲಿನ ಬಿದಿರಿಗೆ ಹಾಕಿ ಹೊಗೆವಾಸನೆಯ ಸಮೇತ ಒಣಗಿಸುತ್ತೇವೆ, ಹೊರಗಿನ ಥಂಡಿ ಒಳಗೆ ಬಾರದಂತೆ ಕಿಟಕಿ ಮುಚ್ಚುತ್ತೇವೆ. ಅಲ್ಲಿನ ಚಳಿಗಾಲದಲ್ಲಿ ಲೆಕ್ಕ ತಿರುವುಮುರುವು. ತೇವ ಇರುವುದು ಮನೆಯ ಒಳಗೆ: ಕುಕ್ಕರಿನ ಹಬೆ, ಸ್ನಾನದ ಹಬೆ, ಕೋಣೆಯಲ್ಲಿ ಹರವಿದ ಒದ್ದೆ ಬಟ್ಟೆ, ಮಲಗಿದವರ ಉಸಿರು. ಕಿಟಕಿಗಳು ಸಂದಿಲ್ಲದಂತೆ ಮುಚ್ಚಿಕೊಳ್ಳುವುದರಿಂದ ಆ ತೇವ ಹೊರಹೋಗದೆ ತಣ್ಣನೆಯ ಗೋಡೆಯ ಮೂಲೆಯಲ್ಲಿ ನೀರಾಗಿ ಕುಳಿತು, ಕೆಲವೇ ವಾರಗಳಲ್ಲಿ ಕಪ್ಪು ಚುಕ್ಕೆಗಳಾಗಿ ಕಾಣಿಸುತ್ತದೆ. ಹೊರಗಿನ ಗಾಳಿ ಕೊರೆಯುವಷ್ಟು ತಣ್ಣಗಿದ್ದರೂ ತಣ್ಣನೆಯ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರು ಬಹಳ ಕಡಿಮೆ, ಆದ್ದರಿಂದ ಅದು ಒಳಗೆ ಬಂದು ಬೆಚ್ಚಗಾದಾಗ ಒಣ ಗಾಳಿಯೇ ಆಗಿರುತ್ತದೆ. ಹೀಟರನ್ನು ತಗ್ಗಿಸಿ, ಎದುರುಬದುರಿನ ಕಿಟಕಿಗಳನ್ನು ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಬಿಟ್ಟು ಮುಚ್ಚಬೇಕು, ದಿನಕ್ಕೆ ಹಲವು ಸಲ. ಕಿಟಕಿಯನ್ನು ಓರೆಯಾಗಿ ದಿನವಿಡೀ ತೆರೆದಿಟ್ಟರೆ ಗೋಡೆ ಇನ್ನಷ್ಟು ತಣ್ಣಗಾಗುತ್ತದೆಯೇ ವಿನಾ ತೇವ ಸರಿಯಾಗಿ ಹೋಗುವುದಿಲ್ಲ. ನಮ್ಮ ಬಾಡಿಗೆ ಕರಾರಿನಲ್ಲಿ ಇದಕ್ಕೊಂದು ಕಲಮೇ ಇತ್ತು. ಮನೆ ಬಿಡುವಾಗ ಬೂಷ್ಟಿನ ಕಲೆಗೆ ಹೊಣೆ ಯಾರೆಂಬ ಜಗಳದಲ್ಲಿ ಠೇವಣಿ ಸಿಕ್ಕಿಕೊಳ್ಳುವ ಕತೆಗಳು ಅಲ್ಲಿನ ಕನ್ನಡಿಗರ ನಡುವೆ ಧಾರಾಳವಾಗಿ ಕೇಳಸಿಗುತ್ತವೆ.

ಇನ್ನೊಂದು ಪದ್ಧತಿ ಆ ಸೀಮೆಯದ್ದೇ, ಜರ್ಮನಿಯ ಬೇರೆ ಕಡೆ ಇದನ್ನು ಹೇಳಿದರೆ ನಗುತ್ತಾರೆ. ಸ್ಟುಟ್‌ಗಾರ್ಟ್ ಸುತ್ತಲಿನ ಸ್ವಾಬಿಯಾ ಸೀಮೆಯಲ್ಲಿ ಕಟ್ಟಡದ ಮೆಟ್ಟಿಲು ಗುಡಿಸಿ ಒರೆಸುವ ಕೆಲಸ ವಾರಕ್ಕೊಂದು ಮನೆಯಂತೆ ಸರದಿಯಲ್ಲಿ ಬರುತ್ತದೆ, ಇದಕ್ಕೆ ಕೇರ್‌ವೋಖೆ ಎನ್ನುತ್ತಾರೆ. ನಮ್ಮ ಸರದಿ ಬಂದಾಗ ಬಾಗಿಲ ಹಿಡಿಕೆಗೆ ಒಂದು ಮರದ ಫಲಕ ತೂಗುತ್ತದೆ. ಮುಗಿದ ಮೇಲೆ ಅದನ್ನು ಮುಂದಿನ ಮನೆಯ ಹಿಡಿಕೆಗೆ ತೂಗುಹಾಕಬೇಕು. ಇದು ಸಣ್ಣ ಸರದಿ. ದೊಡ್ಡ ಸರದಿಯಲ್ಲಿ ನೆಲಮಾಳಿಗೆ, ಅಂಗಳ, ಕಟ್ಟಡದ ಮುಂದಿನ ಕಾಲುದಾರಿಯೂ ಸೇರುತ್ತವೆ. ಹಿಮ ಬಿದ್ದ ದಿನ ಜನ ಓಡಾಡುವ ಮೊದಲೇ, ಬೆಳಿಗ್ಗೆ ಏಳರೊಳಗೆ ಅದನ್ನು ಸರಿಸಿ ದಾರಿ ಮಾಡಬೇಕು. ಪ್ರತಿಯೊಬ್ಬರೂ ವಾರವಾರ ತಮ್ಮ ಕಸವನ್ನು ಊರಾಚೆ ಸಾಗಿಸಬೇಕೆಂಬ 1492ರ ಸ್ಟುಟ್‌ಗಾರ್ಟ್ ಕಟ್ಟಳೆಯಲ್ಲಿ ಇದರ ಬೇರು ಇದೆ ಎನ್ನುತ್ತಾರೆ. ಸ್ಟುಟ್‌ಗಾರ್ಟ್ ನಗರಾಡಳಿತ 1988ರಲ್ಲಿ ಈ ಕಡ್ಡಾಯವನ್ನು ಕೈಬಿಟ್ಟರೂ ಬಾಡಿಗೆ ಕರಾರುಗಳು ಬಿಟ್ಟಿಲ್ಲ. ಮೆಟ್ಟಿಲಿನಲ್ಲಿ ಕಸವೇ ಇಲ್ಲದಿದ್ದರೂ ಗುಡಿಸಬೇಕು, ಗುಡಿಸಿದ್ದು ಕಾಣಬೇಕು. ಶನಿವಾರ ಬೆಳಿಗ್ಗೆ ಬಕೆಟ್ಟಿನ ಸದ್ದು ಕೇಳಿಸಿದರೆ ಮನೆಯೊಡತಿಗೆ ನೆಮ್ಮದಿ, ಅವರು ಹೊರಬಂದು ಎರಡು ಮಾತನಾಡುತ್ತಿದ್ದರು. ವೀಡಿಯೊ ಕರೆಯಲ್ಲಿ ಇದನ್ನು ನೋಡಿದ ಅತ್ತೆಗೆ ನಗು ತಡೆಯಲಾಗಲಿಲ್ಲ. “ಮೆಟ್ಲು ಗುಡ್ಸಲೆ ಅಷ್ಟು ದೂರ ಹೋಗಕ್ಕಾಗಿತ್ತ ತಂಗಿ?” ಎಂದರು. ಆದರೆ ಮನೆಯವರು ಕೋಲು ಕಸಬರಿಗೆ ಹಿಡಿದು ಕಾಲುದಾರಿ ಗುಡಿಸುವುದನ್ನು ಕಂಡಾಗ ಆ ನಗು ನಿಂತಿತು. ನನ್ನ ಮಟ್ಟಿಗೆ ಹೇಳುವುದಾದರೆ, ಅಕ್ಕಪಕ್ಕದವರ ಮುಖ ಪರಿಚಯವಾದದ್ದು ಯಾವ ಹಬ್ಬದಿಂದಲೂ ಅಲ್ಲ, ಈ ಫಲಕದಿಂದ.

ಆಹಾರದ ವಿಷಯದಲ್ಲಿ ಊರಿನವರಿಗೆ ಮೊದಲೇ ತಿಳಿಸಬೇಕಾದದ್ದು ತುಪ್ಪದ ಸಂಗತಿ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಯಾವ ಪದಾರ್ಥವನ್ನೂ ತರುವಂತಿಲ್ಲ. ಮನೆಯ ಆಕಳ ತುಪ್ಪವನ್ನು ಎಷ್ಟು ಜತನದಿಂದ ಕಟ್ಟಿಕೊಟ್ಟರೂ ವಿಮಾನ ನಿಲ್ದಾಣದ ಸುಂಕದವರು ಕಂಡರೆ ಅದು ಅಲ್ಲೇ ಉಳಿಯುತ್ತದೆ. ತಾಜಾ ಕರಿಬೇವು, ಸೊಪ್ಪು, ಹಣ್ಣುಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಾಳೆಹಣ್ಣು, ಅನಾನಸು, ತೆಂಗಿನಕಾಯಿ, ಖರ್ಜೂರ, ಡುರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ತೆಂಗಿನಕಾಯಿಯನ್ನು ಬಿಟ್ಟಿದ್ದಾರಲ್ಲ ಎಂದು ಅತ್ತೆಗೆ ಅಷ್ಟರಮಟ್ಟಿಗೆ ಸಮಾಧಾನ. ಅಪ್ಪೆಮಿಡಿ ಉಪ್ಪಿನಕಾಯಿ, ಒಣಗಿಸಿದ ಮುರುಗಲು ಸಿಪ್ಪೆ, ಹಪ್ಪಳ, ಸಾರಿನಪುಡಿ ನಮ್ಮ ಪೆಟ್ಟಿಗೆಯಲ್ಲಿ ನಿರಾತಂಕವಾಗಿ ಬಂದವು. ಅಲ್ಲಿನ ಉಪ್ಪಿಲ್ಲದ ಬೆಣ್ಣೆ ಕಾಯಿಸಿದರೆ ಒಳ್ಳೆಯ ತುಪ್ಪವೇ ಆಗುತ್ತದೆ. ಅಂಗಡಿಯಲ್ಲಿ ಮಾರುವ ಮಜ್ಜಿಗೆ ತಂಬುಳಿಗೆ ಒದಗುತ್ತದೆ. ಒಂದೆಲಗದ ಜಾಗದಲ್ಲಿ ಪಾಲಕ್, ತಾಜಾ ಕಾಯಿತುರಿಯ ಜಾಗದಲ್ಲಿ ಏಷ್ಯನ್ ಅಂಗಡಿಯ ಶೈತ್ಯೀಕರಿಸಿದ ತುರಿ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುವುದರಿಂದ ಶನಿವಾರ ಸಂಜೆಯೊಳಗೆ ಹಾಲು, ತರಕಾರಿ ತಂದಿಟ್ಟುಕೊಳ್ಳುವುದು ಬೇಗ ರೂಢಿಯಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಮನಸ್ಸು ತಿಂದದ್ದು ಮಗಳ ಶಿಶುವಿಹಾರ. ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಜಾಗ ಸಿಗಬೇಕೆಂಬ ಹಕ್ಕು 2013ರಿಂದ ಕಾನೂನಿನಲ್ಲಿದ್ದರೂ ಜಾಗಗಳ ಕೊರತೆ ದೇಶದ ತುಂಬ ಇದೆ. ಕಾದ ಮೇಲೆ ನಮಗೂ ಸಿಕ್ಕಿತು. ಸೇರಿಸುವ ಮುನ್ನ ದಡಾರದ ಲಸಿಕೆ ಆಗಿದೆಯೆಂಬ ಪುರಾವೆ ಕೊಡಬೇಕು, 2020ರ ಮಾರ್ಚ್‌ನಿಂದ ಇದು ಕಡ್ಡಾಯ. ನನ್ನ ಕೈಯಲ್ಲಿದ್ದ ಪುರಾವೆ ಕರ್ನಾಟಕದ ತಾಯಿ ಕಾರ್ಡ್. ಅಂಚು ಹರಿದು, ನಮ್ಮೂರಿನ ಆಶಾ ಕಾರ್ಯಕರ್ತೆಯ ನೀಲಿ ಶಾಯಿಯ ಬರಹ ಅಲ್ಲಲ್ಲಿ ಮಾಸಿದ್ದ ಆ ಕಾರ್ಡನ್ನು ಮಕ್ಕಳ ವೈದ್ಯೆ ಮೇಜಿನ ದೀಪದಡಿ ಹರವಿದರು. ಕನ್ನಡದ ಸಾಲುಗಳನ್ನು ನಾನು ಓದಿ ಇಂಗ್ಲಿಷಿನಲ್ಲಿ ಹೇಳಬೇಕು, ಅವರು ದಿನಾಂಕಗಳ ಮೇಲೆ ಪೆನ್ಸಿಲಿನ ತುದಿ ಇಟ್ಟು ಮಗುವಿನ ವಯಸ್ಸು ಲೆಕ್ಕ ಹಾಕಬೇಕು. ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು, ಹೀಗೆ ದಡಾರ-ರುಬೆಲ್ಲಾದ ಎರಡೂ ಡೋಸ್ ಆಗಿದ್ದವು. ಅಷ್ಟು ಕಾನೂನಿಗೆ ಸಾಕು. ನಮ್ಮ ಸರ್ಕಾರಿ ಲಸಿಕೆಯಲ್ಲಿ ಮಂಗನಬಾವು ಸೇರಿಲ್ಲವಾದ್ದರಿಂದ ಅದನ್ನು ಪ್ರತ್ಯೇಕವಾಗಿ ನೋಡೋಣ ಎಂದರು. ಎಲ್ಲವನ್ನೂ ಒಂದು ಹಳದಿ ಪುಸ್ತಿಕೆಗೆ ನಕಲು ಮಾಡಿ ಮೊಹರು ಹಾಕಿದ ಮೇಲೆ, ಇದನ್ನು ಬರೆದವರು ಬಹಳ ಅಚ್ಚುಕಟ್ಟು ಎಂದು ತಾಯಿ ಕಾರ್ಡನ್ನು ಮರಳಿಸಿದರು. ಮಳೆಗಾಲದಲ್ಲಿ ಹಳ್ಳಕ್ಕೆ ಹಾಕಿದ ಸಾರ ದಾಟಿ ಮನೆಮನೆಗೆ ಬರುವ ಆ ಕಾರ್ಯಕರ್ತೆಗೆ ಈ ಮಾತನ್ನು ರಜೆಯಲ್ಲಿ ಬಂದಾಗ ಮುಟ್ಟಿಸಿದ್ದೇನೆ.

ಶಿಶುವಿಹಾರದಲ್ಲಿ ಮಗುವನ್ನು ಬಿಟ್ಟು ಬರುವುದಕ್ಕೂ ಒಂದು ಕ್ರಮವಿದೆ. ನಮ್ಮೂರ ಅಂಗನವಾಡಿಯಲ್ಲಾದರೆ ಮಗುವಿನ ಕೈಗೆ ಬಿಸ್ಕತ್ತು ಕೊಟ್ಟು ಅದು ಅತ್ತ ನೋಡುವಾಗ ತಾಯಿ ಜಾಗ ಖಾಲಿ ಮಾಡುತ್ತಾಳೆ. ಅಲ್ಲಿ ಮೊದಲ ಮೂರು ದಿನ ತಾಯಿ ಅಥವಾ ತಂದೆ ಮಗುವಿನ ಜೊತೆಗೇ ಸುಮಾರು ಒಂದು ತಾಸು ಕೋಣೆಯಲ್ಲಿ ಇರಬೇಕು. ನಾಲ್ಕನೆಯ ದಿನ, ಮಗುವಿಗೆ ಹೇಳಿಯೇ, ಕೆಲವು ನಿಮಿಷ ಹೊರಗೆ ಹೋಗಬೇಕು. ಕಣ್ಣು ತಪ್ಪಿಸಿ ಹೋಗುವಂತಿಲ್ಲ. ಮಗು ಅತ್ತು ಸಮಾಧಾನಗೊಳ್ಳದಿದ್ದರೆ ಒಳಗೆ ಕರೆಯುತ್ತಾರೆ, ಒಪ್ಪಿದರೆ ಹೊರಗಿರುವ ಹೊತ್ತನ್ನು ದಿನದಿಂದ ದಿನಕ್ಕೆ ಹಿಗ್ಗಿಸುತ್ತಾರೆ. ನನಗೆ ಕೊಟ್ಟ ಸೂಚನೆ ಹೀಗಿತ್ತು: ಮೂಲೆಯ ಕುರ್ಚಿಯಲ್ಲಿ ಕುಳಿತಿರಿ, ಆಟಕ್ಕೆ ಇಳಿಯಬೇಡಿ, ಫೋನು ನೋಡಬೇಡಿ, ಮಗಳು ಬಂದರೆ ಅಪ್ಪಿಕೊಳ್ಳಿ. ಮಕ್ಕಳ ಅಳತೆಯ ಆ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗುತ್ತಿತ್ತು. ಇಷ್ಟು ದೊಡ್ಡ ಶಾಸ್ತ್ರ ಏಕೆ ಎಂದು ಮೊದಲು ಅನ್ನಿಸಿತಾದರೂ, ಹೊರಗೆ ಹೋದ ಅಮ್ಮ ಹೇಳಿದ ಹೊತ್ತಿಗೆ ಬರುತ್ತಾಳೆಂದು ಮಗಳು ನಂಬತೊಡಗಿದ್ದನ್ನು ಕಣ್ಣಾರೆ ಕಂಡ ಮೇಲೆ, ನಮ್ಮ ಬಿಸ್ಕತ್ತಿನ ಉಪಾಯ ಮಗುವಿಗೆ ಮೋಸವೇ ಸರಿ ಎಂದು ಒಪ್ಪಿದೆ. ಆ ಮೂಲೆಯಲ್ಲಿ ನನಗಾದ ಲಾಭವೂ ಸಣ್ಣದಲ್ಲ. ನಾನು ಮೊದಲು ಅರ್ಥಮಾಡಿಕೊಂಡ ಜರ್ಮನ್ ವಾಕ್ಯಗಳು ಕೈ ತೊಳೆದುಕೊ, ಸರದಿಗೆ ನಿಲ್ಲು, ಅದು ಅವನದು, ಇನ್ನೊಮ್ಮೆ ಹೇಳು ಎಂಬಂಥವು. ಕಚೇರಿಗಳಲ್ಲಿಯೂ ಬಹುಮಟ್ಟಿಗೆ ಅವೇ ಸಾಕಾಗುತ್ತವೆ.

ಮಗಳ ಹೆಸರಿನ ಕೊಕ್ಕೆಗೆ ಬಸವನಹುಳುವಿನ ಚಿತ್ರ ಅಂಟಿಸಿದ್ದರು. ಅದರ ಕೆಳಗೆ ರಬ್ಬರು ಬೂಟು, ಕೆಸರಿಗೆ ಹಾಕುವ ಪ್ಯಾಂಟು ಸದಾ ತೂಗುತ್ತಿರಬೇಕು. ಮಳೆಯೆಂದು ಮಕ್ಕಳನ್ನು ಒಳಗೆ ಇಟ್ಟುಕೊಳ್ಳುವ ಪದ್ಧತಿ ಅಲ್ಲಿಲ್ಲ. ಸಸ್ಯಾಹಾರದ ಬಗ್ಗೆ ಹೇಳಿದರೆ ಸರಿಯಾಗಿ ಪಾಲಿಸುತ್ತಾರೆ, ಆದರೆ ಹುಟ್ಟುಹಬ್ಬದ ದಿನ ಹಂಚುವ ಅಂಟು ಮಿಠಾಯಿಯಲ್ಲಿ ಹಂದಿಯ ಜೆಲಾಟಿನ್ ಇರುವುದು ಅವರ ಗಮನಕ್ಕೂ ಬಂದಿರುವುದಿಲ್ಲ, ನಾವೇ ಹೇಳಬೇಕು.

ವೈದ್ಯರ ಬಗ್ಗೆ ಎರಡೇ ಮಾತು. ತಜ್ಞರ ಭೇಟಿಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ; ರಾತ್ರಿ ಅಥವಾ ರಜಾದಿನ ಜ್ವರ ಬಂದರೆ 116117ಕ್ಕೆ, ಪ್ರಾಣಾಪಾಯವಿದ್ದರೆ ಮಾತ್ರ 112ಕ್ಕೆ ಕರೆ ಮಾಡಬೇಕು. ಊರಿಗೆ ಫೋನು ಮಾಡುವವರು ಗಡಿಯಾರದ ಕಡೆಗೂ ಗಮನವಿಡಬೇಕು. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ತಿರುಗಿಸುವುದರಿಂದ ಊರಿಗೂ ನಮಗೂ ಇರುವ ಅಂತರ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ತಾಸು. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗಿ, ನಾನು ಒಂಟಿಯಾಗಿ ಮಾತಿಗೆ ಹಾತೊರೆಯುವ ಹೊತ್ತಿಗೆ ಊರಿನಲ್ಲಿ ಊಟ ಮುಗಿದು ದೀಪ ಆರಿರುತ್ತದೆ. ಮೊದಲ ಚಳಿಗಾಲದಲ್ಲಿ ಅತ್ಯಂತ ಕಷ್ಟವೆನಿಸಿದ್ದು ಹಿಮವಲ್ಲ, ಈ ಒಂದು ತಾಸು.

ಮಗಳು ಶಿಶುವಿಹಾರಕ್ಕೆ ಒಗ್ಗಿದ ಮೇಲೆ ನಾನು ಹೊಸಬರ ಭಾಷಾ ತರಗತಿಗೆ ಸೇರಿದೆ. 600 ಪಾಠಾವಧಿ ಭಾಷೆ, ನಂತರ 100 ಪಾಠಾವಧಿ ದೇಶದ ಇತಿಹಾಸ, ಕಾನೂನು ಮತ್ತು ಸಮಾಜ. ಕೊನೆಯಲ್ಲಿ 33 ಪ್ರಶ್ನೆಗಳ ಪರೀಕ್ಷೆಯಲ್ಲಿ 15 ಸರಿಯಾದರೆ ಉತ್ತೀರ್ಣ. ಸಿರಿಯಾ, ಉಕ್ರೇನ್, ಟರ್ಕಿಯ ಹೆಂಗಸರ ನಡುವೆ ಬೆಂಚಿನಲ್ಲಿ ಕುಳಿತು, ಉಪನ್ಯಾಸಕಿಯಾಗಿದ್ದವಳು ಮತ್ತೆ ಹೋಮ್‌ವರ್ಕ್ ಬರೆಯುವುದು ನನಗೇನೂ ಬೇಸರ ತರಿಸಲಿಲ್ಲ. ಬೇಸರ ತರಿಸಿದ್ದು, ತರಗತಿಯಲ್ಲಿ ಕಲಿತದ್ದು ಮನೆಯೊಡತಿಯ ಬಾಯಲ್ಲಿ ಗುರುತೇ ಸಿಗದಿದ್ದದ್ದು. ಪಠ್ಯಪುಸ್ತಕದ ಕನ್ನಡ ಓದಿ ಬಂದವರು ನಮ್ಮ ಹವ್ಯಕರ ಜಗಲಿಯಲ್ಲಿ ಕುಳಿತಂತೆ, ಅವರ ಸ್ವಾಬಿಯನ್ ಮಾತಿನ ಎದುರು ನಾನು ತಲೆಯಾಡಿಸುತ್ತ ಉಳಿದೆ. ಈಗ ಅವರು ನನಗಾಗಿ ನಿಧಾನಿಸುತ್ತಾರೆ, ನಾನೂ ಅವರ ಅರ್ಧಂಬರ್ಧ ಶಬ್ದಗಳನ್ನು ಹಿಡಿಯುತ್ತೇನೆ.

ಸದ್ಯ ನಡೆಯುತ್ತಿರುವುದು ಡ್ರೈವಿಂಗ್ ಲೈಸೆನ್ಸಿನ ಕೆಲಸ. ಭಾರತದ ಲೈಸೆನ್ಸು ಅಲ್ಲಿ ವಾಸಕ್ಕೆ ಬಂದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಬರಹದ ಪರೀಕ್ಷೆ, ರಸ್ತೆ ಪರೀಕ್ಷೆ ಎರಡನ್ನೂ ಹೊಸದಾಗಿ ಕೊಡಬೇಕು. ಬರಹದ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬಹುದಾಗಿತ್ತು, ನಾನು ಬರೆದು ಮುಗಿಸಿದ್ದೇನೆ. ದೇವಿಮನೆ ಘಾಟಿಯ ಪ್ರತಿ ತಿರುವಿಗೂ ಹಾರನ್ ಹೊಡೆದು ಕಾರು ಇಳಿಸಿ ಕುಮಟೆ ಮುಟ್ಟಿದವಳಿಗೆ, ಅಪಾಯವಿಲ್ಲದೆ ಹಾರನ್ ಮುಟ್ಟಬಾರದು, ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ ಬಿಡಬೇಕು ಎಂಬುದು ತಲೆಗೆ ಹತ್ತಿದೆ, ಕೈಗೆ ಇನ್ನೂ ಹತ್ತಿಲ್ಲ. ಪಕ್ಕದಲ್ಲಿ ಕೂರುವ ಶಿಕ್ಷಕರು ಪ್ರತಿ ಸಲ ತಿರುಗುವ ಮುನ್ನ ಭುಜದ ಮೇಲಿಂದ ಹಿಂದೆ ನೋಡಲು ಹೇಳುತ್ತಾರೆ. ಕನ್ನಡಿ ನೋಡಿದರೆ ಸಾಲದು, ಕತ್ತು ತಿರುಗಿದ್ದು ಪರೀಕ್ಷಕರಿಗೆ ಕಾಣಬೇಕಂತೆ. ರಸ್ತೆ ಪರೀಕ್ಷೆಯ ದಿನಾಂಕ ತಿಳಿಸುವ ಪತ್ರಕ್ಕೆ ಕಾಯುತ್ತಿದ್ದೇನೆ.